ಬರುವವರ ಬೆಂಗಳೂರು, ಇರುವವರ ಚೆನ್ನೈ

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಹನುಮಂತನಗರದಲ್ಲಿ. ಓದು, ಮೊದಲ ಕೆಲಸ, ಮದುವೆ ಎಲ್ಲವೂ ಅಲ್ಲಿಯೇ ಆದ ಮೇಲೆ, 2010ರ ಮೇ ತಿಂಗಳಿನಲ್ಲಿ, ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಕೆಲಸಕ್ಕಾಗಿ ಚೆನ್ನೈಗೆ ಬಂದೆ. ತಮಿಳರು ‘ಅಗ್ನಿ ನಕ್ಷತ್ರ’ ಎನ್ನುವ, ಬಿಸಿಲು ನೆತ್ತಿ ಸುಡುವ ವಾರಗಳ ನಡುವೆಯೇ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದದ್ದರಿಂದ, ಹೊರಗೆ ಬಂದ ಹತ್ತು ನಿಮಿಷದಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎರಡು ವರ್ಷ ಹೇಗಾದರೂ ಕಳೆದು ಊರಿಗೆ ಮರಳಿಬಿಡೋಣ ಎಂದು ಅಂದೇ ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡೆವು. ಈಗ ಹದಿನೈದು ವರ್ಷ ದಾಟಿದೆ. ಬೆಂಗಳೂರಿನಲ್ಲಿ ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಹೋದಾಗಲೆಲ್ಲ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತ ನೆಂಟರು ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: ‘ಆ ಸೆಕೆಯಲ್ಲಿ ಹೇಗಪ್ಪಾ ಇದ್ದೀಯ? ವಾಪಸ್ಸು ಯಾವಾಗ ಬರ್ತೀಯ?’

ಅವರು ಅಕ್ಕರೆಯಿಂದಲೇ ಕೇಳುತ್ತಾರೆ. ಆದರೆ ಆ ಪ್ರಶ್ನೆಯೊಳಗೆ ಒಂದು ನಂಬಿಕೆ ಅಡಗಿದೆ. ಹವೆ ಚೆನ್ನಾಗಿದ್ದರೆ ಊರು ಚೆನ್ನಾಗಿದ್ದಂತೆಯೇ ಎಂಬ ನಂಬಿಕೆ. ಎರಡೂ ಊರುಗಳಲ್ಲಿ ಸಂಸಾರ ಮಾಡಿ ನೋಡಿದ ಮೇಲೆ ನನಗೆ ಹಾಗೆ ಅನಿಸುವುದಿಲ್ಲ. ಬೆಂಗಳೂರು ಹೊಸದಾಗಿ ಬರುವವರಿಗೆ ಸುಲಭವಾದ ಊರು, ಅಲ್ಲಿಯೇ ಇದ್ದು ಬಾಳುವವರಿಗೆ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವ ಊರು. ಚೆನ್ನೈ ಬಂದ ಹೊಸತರಲ್ಲಿ ಎಲ್ಲದರಲ್ಲೂ ಕಾಡುತ್ತದೆ. ಒಮ್ಮೆ ಹೊಂದಿಕೊಂಡವರ ದಿನಚರಿಯನ್ನು ಅದು ಕೆಡಿಸುವುದಿಲ್ಲ. ಹುಟ್ಟಿದೂರಿನ ಮೇಲಿನ ಪ್ರೀತಿ ಕಡಿಮೆಯಾಗಿ ಈ ಮಾತು ಹೇಳುತ್ತಿಲ್ಲ. ಆ ಪ್ರೀತಿಯಿಂದಲೇ ನನ್ನ ಊರು ಇನ್ನೂ ಸರಿಹೋಗಬಹುದೆಂಬ ಆಸೆ ನನ್ನಲ್ಲಿ ಉಳಿದಿದೆ.

ಹವೆಯ ವಿಷಯದಲ್ಲಿ ವಾದವೇ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಚೆನ್ನೈ ಸಮುದ್ರದ ಅಂಚಿನಲ್ಲಿಯೇ ಇದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿದಾಗ ಅದು ದಾಖಲೆಯಾಯಿತು. ಚೆನ್ನೈನಲ್ಲಿ ಮೇ ತಿಂಗಳ ಸಾಧಾರಣ ಮಧ್ಯಾಹ್ನವೂ ಆ ಮಟ್ಟದ ಹತ್ತಿರಕ್ಕೆ ಹೋಗುತ್ತದೆ, 2003ರ ಮೇ ತಿಂಗಳಿನಲ್ಲಿ ಅದು 45 ಡಿಗ್ರಿಗೆ ಏರಿತ್ತು. ಬಿಸಿಲಿಗಿಂತ ಹೆಚ್ಚಾಗಿ ಸುಸ್ತು ಮಾಡುವುದು ಗಾಳಿಯಲ್ಲಿರುವ ತೇವ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಬೀಸಿತೆಂದರೆ ಜೀವ ಬಂದಂತಾಗುತ್ತದೆ. ಅದು ತಡವಾದ ದಿನ ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ. ಏಪ್ರಿಲ್‌ನಿಂದ ಜುಲೈವರೆಗೆ ಎಸಿ ಇಲ್ಲದೆ ಮಕ್ಕಳು ಮಲಗುವುದಿಲ್ಲ, ಮತ್ತು ಇಲ್ಲಿ ಎರಡು ತಿಂಗಳಿಗೊಮ್ಮೆ ಬರುವ ಕರೆಂಟು ಬಿಲ್ಲು ಆಗ ಮನೆಯ ಲೆಕ್ಕವನ್ನೇ ಅಲ್ಲಾಡಿಸುತ್ತದೆ. ಬೆಂಗಳೂರಿನ ಜೂನ್ ತಿಂಗಳ ಸಂಜೆ, ಮಳೆ ನಿಂತ ಮೇಲೆ ಗವಿಪುರದ ಇಳಿಜಾರಿನಲ್ಲಿ ನಡೆಯುವ ಸುಖಕ್ಕೆ ಸಮನಾದದ್ದು ಚೆನ್ನೈನಲ್ಲಿ ನನಗೆ ಸಿಕ್ಕಿಲ್ಲ.

ಆದರೆ ಆ ಸಂಜೆಯನ್ನು ಅನುಭವಿಸಲು ಮನುಷ್ಯ ಸಂಜೆಯ ಹೊತ್ತಿಗೆ ಮನೆ ತಲುಪಬೇಕಲ್ಲ. ನಾನಿರುವುದು ಕ್ರೋಮ್‌ಪೇಟೆಯಲ್ಲಿ, ಕಚೇರಿ ಇರುವುದು ಗಿಂಡಿಯಲ್ಲಿ. ತಾಂಬರಂ ಕಡೆಯಿಂದ ಬರುವ ಲೋಕಲ್ ರೈಲು ಹತ್ತಿದರೆ ಪಲ್ಲಾವರಂ, ತಿರುಸೂಲಂ, ಮೀನಂಬಾಕಂ, ಪಳವಂತಾಂಗಲ್, ಸೇಂಟ್ ಥಾಮಸ್ ಮೌಂಟ್ ಕಳೆದ ಮೇಲಿನ ನಿಲ್ದಾಣ ಗಿಂಡಿ. ಬೀಚ್‌ನಿಂದ ತಾಂಬರಂವರೆಗಿನ ಈ ಹಳಿಯ ಮೇಲೆ ವಿದ್ಯುತ್ ರೈಲು ಓಡತೊಡಗಿದ್ದು 1931ರಲ್ಲಿ. ಇಂದಿಗೂ ಕನಿಷ್ಠ ಟಿಕೆಟ್ 5 ರೂಪಾಯಿ. ಈ ತುದಿಯಿಂದ ಆ ತುದಿಗೆ ಹೋದರೂ 10 ರೂಪಾಯಿ. ಬೆಳಿಗ್ಗೆಯ ಬಂಡಿಯಲ್ಲಿ ನನ್ನ ಎದುರಿಗೆ ಕೂರುವ ಹೆಂಗಸೊಬ್ಬರು ಬುಟ್ಟಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ಬಾಳೆನಾರನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಮಲ್ಲಿಗೆ ಮೊಗ್ಗನ್ನು ಎರಡೆರಡಾಗಿ ಸೇರಿಸಿ ಕಟ್ಟುತ್ತಾ ಹೋಗುತ್ತಾರೆ. ಕ್ರೋಮ್‌ಪೇಟೆಯಲ್ಲಿ ನಾನು ಹತ್ತುವಾಗ ಗೇಣುದ್ದ ಇದ್ದ ಮಾಲೆ ಗಿಂಡಿಯಲ್ಲಿ ನಾನಿಳಿಯುವ ಹೊತ್ತಿಗೆ ಎರಡು ಮೊಳ ಆಗಿರುತ್ತದೆ. ವರ್ಷಗಳಿಂದ ನೋಡುತ್ತಿದ್ದೇನೆ, ಆ ಅಳತೆ ಹೆಚ್ಚುಕಡಿಮೆಯಾದದ್ದು ಬಹಳ ಕಡಿಮೆ. ಸಂಜೆ ನಾನು ಗಿಂಡಿಯಲ್ಲಿ ರೈಲು ಹತ್ತಿ ಮನೆಗೊಂದು ಫೋನು ಮಾಡಿದರೆ ಹೆಂಡತಿ ಕುಕ್ಕರ್ ಇಡುತ್ತಾಳೆ. ಅದು ಇಳಿದು ತಣಿಯುವಷ್ಟರಲ್ಲಿ ನಾನು ಬಾಗಿಲಲ್ಲಿರುತ್ತೇನೆ.

ನನ್ನ ತಂಗಿ ಬೆಂಗಳೂರಿನ ಜೆ.ಪಿ. ನಗರದಲ್ಲಿದ್ದಾಳೆ, ಕೆಲಸ ಮಾಡುವುದು ಮಾರತ್ತಹಳ್ಳಿಯ ಹೊರವರ್ತುಲ ರಸ್ತೆಯಲ್ಲಿ. ನಾನು ದಿನವೂ ಓಡಾಡುವ ದೂರಕ್ಕಿಂತ ಅದು ಬಹಳ ಹೆಚ್ಚೇನಲ್ಲ. ಆದರೂ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವುದಕ್ಕೆ ಒಂದು ದಿನ ಹದಿನೈದು ನಿಮಿಷ ಹಿಡಿದರೆ ಇನ್ನೊಂದು ದಿನ ಮುಕ್ಕಾಲು ಗಂಟೆ ಹಿಡಿಯುವುದರಿಂದ, ಎಷ್ಟು ಹೊತ್ತಿಗೆ ಮನೆಗೆ ಬರುತ್ತೇನೆಂದು ಅವಳು ಯಾರಿಗೂ ಹೇಳುವುದನ್ನೇ ಬಿಟ್ಟಿದ್ದಾಳೆ. ತಡವಾಗುವುದನ್ನಾದರೂ ಸಹಿಸಿಕೊಳ್ಳಬಹುದು, ಎಷ್ಟು ತಡವೆಂದು ತಿಳಿಯದಿದ್ದರೆ ಮಗುವಿನ ಪಾಠ, ಅತ್ತೆಯವರ ಔಷಧ, ಒಲೆಯ ಮೇಲಿನ ಅಡುಗೆ ಎಲ್ಲವೂ ತೂಗುಯ್ಯಾಲೆಯಲ್ಲಿರುತ್ತವೆ. ಬೆಂಗಳೂರಿಗೆ ಹಳಿಗಳು ಇಲ್ಲದಿಲ್ಲ: ಮೈಸೂರು, ತುಮಕೂರು, ಸೇಲಂ, ಜೋಲಾರಪೇಟೆ, ಗುಂತಕಲ್ಲು ಹೀಗೆ ಎಲ್ಲ ದಿಕ್ಕಿಗೂ ಬ್ರಿಟಿಷರ ಕಾಲದಿಂದಲೋ ಆಮೇಲಿನಿಂದಲೋ ಹಳಿ ಚಾಚಿಕೊಂಡಿದೆ. ಅವುಗಳ ಮೇಲೆ ಊರೊಳಗಿನ ಜನರಿಗಾಗಿ ಹತ್ತು ನಿಮಿಷಕ್ಕೊಂದು ಬಂಡಿ ಓಡಿಸುವ ಮಾತು ದಶಕಗಳ ಕಾಲ ಕಡತದಲ್ಲಿಯೇ ಉಳಿದು, ಉಪನಗರ ರೈಲಿನ ಶಂಕುಸ್ಥಾಪನೆ ಆದದ್ದು 2022ರ ಜೂನ್‌ನಲ್ಲಿ. ನಾನು ಬೆಂಗಳೂರಿನ ವಿಷಯದಲ್ಲಿ ಅತ್ಯಂತ ನೊಂದುಕೊಳ್ಳುವುದು ಇದಕ್ಕೇ.

ಮೆಟ್ರೊ ವಿಷಯದಲ್ಲಿ ಬೆಂಗಳೂರು ಮುಂದಿದೆ ಎನ್ನುವುದನ್ನು ಒಪ್ಪಬೇಕು. ನಮ್ಮ ಮೆಟ್ರೊ 2011ರ ಅಕ್ಟೋಬರ್‌ನಲ್ಲಿ ಆರಂಭವಾಯಿತು, ಚೆನ್ನೈ ಮೆಟ್ರೊ 2015ರ ಜೂನ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ ತೆರೆದ ಮೇಲೆ ಬೆಂಗಳೂರಿನ ಜಾಲ 96 ಕಿಲೋಮೀಟರ್ ಆಯಿತು, ಚೆನ್ನೈನದು ಆಗ 54ರ ಆಸುಪಾಸಿನಲ್ಲಿತ್ತು. ಆದರೆ 2025ರ ಫೆಬ್ರುವರಿಯಲ್ಲಿ ದರ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಗರಿಷ್ಠ ಟಿಕೆಟ್ 90 ರೂಪಾಯಿಯಾಯಿತು. ಚೆನ್ನೈನಲ್ಲಿ ಅದು 50. ಮನೆಗೆಲಸಕ್ಕೆ ಹೋಗುವವರು, ಅಂಗಡಿಯಲ್ಲಿ ಕೆಲಸ ಮಾಡುವವರು ದಿನವೂ ಹತ್ತಿಳಿಯುವ ಬಂಡಿಗೆ ದರ ನಿಗದಿ ಮಾಡುವಾಗ ಅವರ ಕೂಲಿಯನ್ನು ನೆನಪಿಡಬೇಕಿತ್ತು. ಚೆನ್ನೈನಲ್ಲಿ ಮೆಟ್ರೊ ದುಬಾರಿ ಎನಿಸಿದವರಿಗೆ ಪಕ್ಕದಲ್ಲಿಯೇ 5 ರೂಪಾಯಿಯ ಲೋಕಲ್ ಇದೆ. ಬೆಂಗಳೂರಿನಲ್ಲಿ ಅಂಥವರು ಬಸ್ಸಿಗೆ, ಅಂದರೆ ಮತ್ತೆ ಅದೇ ಸಿಲ್ಕ್ ಬೋರ್ಡಿಗೆ ಮರಳಬೇಕು. ವಿಮಾನ ನಿಲ್ದಾಣದ ಬಗ್ಗೆ ಎರಡೇ ಮಾತು: ಚೆನ್ನೈನದು ಊರೊಳಗೇ ಇದೆ, 2016ರಿಂದ ಮೆಟ್ರೊ ಅಲ್ಲಿಗೆ ಹೋಗುತ್ತದೆ, ಬೆಂಗಳೂರಿನದು 2008ರಿಂದ ದೇವನಹಳ್ಳಿಯ ಬಳಿ ಇದೆ, ಅಲ್ಲಿಗೆ ಹೋಗುವ ಮೆಟ್ರೊ ಮಾರ್ಗದ ಕೆಲಸ ನಡೆಯುತ್ತಿದೆ. ಆಟೊದ ವಿಷಯದಲ್ಲಿ ಮಾತ್ರ ನಾನು ಬಂದ ಕಾಲದ ಚೆನ್ನೈ ಬಹಳ ಕೆಟ್ಟದಾಗಿತ್ತು. ಬೆಂಗಳೂರಿನಲ್ಲಿ ಮೀಟರು ಹಾಕುವುದು ವಾಡಿಕೆಯಾಗಿದ್ದ ದಿನಗಳಲ್ಲಿ ಇಲ್ಲಿ ಮೀಟರಿನ ಮಾತೆತ್ತಿದರೆ ಚಾಲಕರು ಮುಖ ತಿರುಗಿಸುತ್ತಿದ್ದರು.

ನೀರಿನ ವಿಷಯಕ್ಕೆ ಬಂದರೆ, ಈ ಎರಡು ಊರುಗಳನ್ನು ಬೇರೆಬೇರೆಯಾಗಿ ನೋಡುವುದೇ ಕಷ್ಟ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ಕಾವೇರಿಯನ್ನು ಬೆಂಗಳೂರು ಕುಡಿಯುತ್ತದೆ. ಕೊಳ್ಳಿಡಂ ಅಣೆಕಟ್ಟಿನಿಂದ ಕಾಲುವೆಯಲ್ಲಿ ಹರಿದು ವೀರಾಣಂ ಕೆರೆ ತುಂಬುವ ಕಾವೇರಿಯನ್ನು, 200 ಕಿಲೋಮೀಟರಿಗೂ ಹೆಚ್ಚು ದೂರ ಕೊಳವೆಯಲ್ಲಿ ತಂದು ಚೆನ್ನೈ ಕುಡಿಯುತ್ತದೆ. ಬೆಂಗಳೂರಿನಲ್ಲಿ ನಾನು ಬೆಳೆದ ಮನೆಯ ನಲ್ಲಿಯಲ್ಲಿಯೂ ಕ್ರೋಮ್‌ಪೇಟೆಯಿಂದ ಹತ್ತು ಹದಿನೈದು ಕಿಲೋಮೀಟರ್ ದೂರದ ಮನೆಗಳ ನಲ್ಲಿಯಲ್ಲಿಯೂ ಒಂದೇ ನದಿ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ ಕೊಟ್ಟಾಗ ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದೇ ಇತ್ತು. ಆ ತೀರ್ಪಿನ ದಿನ ಕಚೇರಿಯಲ್ಲಿ ನನ್ನ ಸಹೋದ್ಯೋಗಿಗಳು ಮೌನವಾಗಿದ್ದರು, ನಾನೂ ಮೌನವಾಗಿದ್ದೆ. ಮಧ್ಯಾಹ್ನ ಊಟಕ್ಕೆ ಎಂದಿನಂತೆ ಒಟ್ಟಿಗೇ ಕುಳಿತೆವು.

2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರುಣಿಸುವ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕಂ ನಾಲ್ಕೂ ಕೆರೆಗಳ ತಳ ಬಿರುಕು ಬಿಟ್ಟಿತ್ತು. ನಮ್ಮ ಬೀದಿಯ ತಿರುವಿನಲ್ಲಿ ನಸುಕಿನಿಂದಲೇ ಕೆಂಪು, ಹಸಿರು, ನೀಲಿ, ಹಳದಿ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕೂರುತ್ತಿದ್ದವು. ಕೆಲವು ಕೊಡಗಳ ಕತ್ತಿಗೆ ಗುರುತಿಗಾಗಿ ಬಟ್ಟೆಚೂರು ಕಟ್ಟಿರುತ್ತಿತ್ತು, ಕೊಡ ಬಿಟ್ಟು ಕೆಲಸಕ್ಕೆ ಹೋದವರ ಸರದಿಯನ್ನು ಅಕ್ಕಪಕ್ಕದವರೇ ಕಾಯುತ್ತಿದ್ದರು. ಲಾರಿ ಬಂದೊಡನೆ ಗಲಾಟೆಯೂ ಆಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಆ ಜುಲೈನಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ಒಂದು ಸಲಕ್ಕೆ 25 ಲಕ್ಷ ಲೀಟರ್‌ನಂತೆ ನೀರು ತಂದರು. ಅದೂ ಮೆಟ್ಟೂರಿನಿಂದ ಬಂದ ಕಾವೇರಿಯೇ. ಇಂಥ ಪೆಟ್ಟುಗಳನ್ನು ಹಿಂದೆಯೂ ತಿಂದಿದ್ದ ಚೆನ್ನೈ 2003ರಲ್ಲಿಯೇ ಪ್ರತಿ ಕಟ್ಟಡಕ್ಕೂ ಮಳೆನೀರು ಇಂಗಿಸುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತ್ತು. 2010ರಲ್ಲಿ ಮಿಂಜೂರಿನಲ್ಲಿ, 2013ರಲ್ಲಿ ನೆಮ್ಮೇಲಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರಗಳನ್ನು ಕಟ್ಟಿತು, 2024ರಲ್ಲಿ ನೆಮ್ಮೇಲಿಯಲ್ಲಿಯೇ ಇನ್ನೊಂದು ಬಂತು. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲಿನ ನಿಯಮ ಬಂದದ್ದು 2009ರಲ್ಲಿ. 2007ರಲ್ಲಿ ಊರಿಗೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಕಾವೇರಿ ತಲುಪಿಸುವ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಈ ಹದಿನೇಳು ವರ್ಷಗಳಲ್ಲಿ ಆ ಹಳ್ಳಿಗಳ ಹೊಲಗಳ ಮೇಲೆ ಎದ್ದ ಅಪಾರ್ಟ್‌ಮೆಂಟುಗಳು ಬೋರ್‌ವೆಲ್ ಮತ್ತು ಟ್ಯಾಂಕರುಗಳ ಮೇಲೆಯೇ ನಿಂತಿದ್ದವು, 2024ರ ಬೇಸಿಗೆಯಲ್ಲಿ ಎರಡೂ ಕೈಕೊಟ್ಟವು. ಕೆಂಪೇಗೌಡರ ಕಾಲದಿಂದ ಕೆರೆ ಕಟ್ಟಿ ಬದುಕಿದ ಊರು ಇದು. ಕಡಲಿಲ್ಲದ, ನದಿಯಿಲ್ಲದ ಗುಡ್ಡದ ಮೇಲಿನ ಊರಿಗೆ ಕೆರೆಯೊಂದೇ ದಾರಿಯೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಚೆನ್ನೈ ನೀರಿಲ್ಲದೆ ಸಾಯುವಷ್ಟೇ ನೀರು ಹೆಚ್ಚಾಗಿಯೂ ಸಾಯುತ್ತದೆ. 2015ರ ಡಿಸೆಂಬರ್ 1ರ ರಾತ್ರಿ ನಮ್ಮ ಬಾಡಿಗೆಮನೆಯ ನೆಲಮಹಡಿಗೆ ನೀರು ಹೊಕ್ಕಿತು. ಮೊದಲು ಬಚ್ಚಲಿನ ಜಾಲರಿಯಿಂದ ಬುಳುಬುಳು ಎಂದು ಮೇಲೆ ಬಂತು, ಆಮೇಲೆ ಬಾಗಿಲಿನ ಕೆಳಗಿನಿಂದ. ಅರ್ಧ ಗಂಟೆಯಲ್ಲಿ ಫ್ರಿಜ್ಜು ಓರೆಯಾಗಿ ತೇಲಿತು. ಮೂರು ವರ್ಷದ ಮಗಳನ್ನು ಎತ್ತಿಕೊಂಡು ನಿಂತಿದ್ದಾಗ ಮಹಡಿಯ ಮೇಲಿನ ಪಾಟಿ, ಅಂದರೆ ಅಜ್ಜಿ, ಅದುವರೆಗೆ ನಮ್ಮೊಡನೆ ಹೆಚ್ಚು ಮಾತಾಡದವರು, ಮೆಟ್ಟಿಲ ತಲೆಯಿಂದ ‘ಮೇಲೆ ವಾಂಗ ತಂಬಿ, ಕೊಳಂದೈಯ ಮೊದಲ್ಲ ಕೊಡುಂಗ’ (ಮೇಲೆ ಬನ್ನಿ ತಮ್ಮಾ, ಮೊದಲು ಮಗುವನ್ನು ಕೊಡಿ) ಎಂದು ಕೈಚಾಚಿದರು. ಐದು ದಿನ ನಾವು ಅವರ ಮನೆಯಲ್ಲಿದ್ದೆವು. ವಿಮಾನ ನಿಲ್ದಾಣ ಮುಳುಗಿ ಮುಚ್ಚಿದ್ದರಿಂದ ಹಗಲೂ ರಾತ್ರಿ ತಲೆಯ ಮೇಲೆ ಹಾರುತ್ತಿದ್ದ ವಿಮಾನಗಳ ಸದ್ದು ನಿಂತಿತ್ತು, ಕರೆಂಟು ಇರಲಿಲ್ಲ, ಅವರು ಸೀಮೆಎಣ್ಣೆ ಸ್ಟವ್ ಮೇಲೆ ಎಲ್ಲರಿಗೂ ಅನ್ನ ರಸಂ ಮಾಡುತ್ತಿದ್ದರು. ನೀರು ಇಳಿದ ಮೇಲೆ ನಮ್ಮ ಅಂಕಪಟ್ಟಿಗಳನ್ನೂ ಮಗಳ ಜನನ ಪ್ರಮಾಣಪತ್ರವನ್ನೂ ಅವರ ಮಹಡಿಯ ಹಗ್ಗದ ಮೇಲೆ ಬಟ್ಟೆಯಂತೆ ಒಣಹಾಕಿದೆವು.

ಈ ಪ್ರವಾಹ ಮಳೆಯಿಂದ ಮಾತ್ರ ಬಂದದ್ದಲ್ಲ. ಅಡ್ಯಾರ್ ನದಿಯ ಪಾತ್ರದಲ್ಲಿ ಮನೆ ಕಟ್ಟಿ, ಪಳ್ಳಿಕರಣೆಯ ಜೌಗು ನೆಲವನ್ನು ತುಂಬಿ ಸಾಫ್ಟ್‌ವೇರ್ ಕಚೇರಿಗಳನ್ನೂ ಕಸದ ಗುಡ್ಡವನ್ನೂ ಎಬ್ಬಿಸಿದ್ದಕ್ಕೆ ಕಟ್ಟಿದ ದಂಡವದು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗಲೂ ತಗ್ಗಿನ ಬಡಾವಣೆಗಳು ಮುಳುಗಿದವು. ಬೆಂಗಳೂರು ಗುಡ್ಡದ ಮೇಲಿದ್ದೂ 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರುಗಳನ್ನು ನೋಡಿತು. ಅಲ್ಲಿ ಮುಚ್ಚಿಹೋದದ್ದು ರಾಜಕಾಲುವೆ, ಇಲ್ಲಿ ಜೌಗು ನೆಲ. ಈ ಪಾಪದಲ್ಲಿ ಎರಡು ಊರುಗಳಿಗೂ ಸಮಪಾಲಿದೆ.

ಇನ್ನು ಭಾಷೆ. ಹೊರನಾಡಿನಲ್ಲಿರುವ ಕನ್ನಡಿಗನಾಗಿ ನಾನು ಹೆಚ್ಚು ಯೋಚಿಸಿರುವುದು ಇದರ ಬಗ್ಗೆಯೇ. ಚೆನ್ನೈಗೆ ಬಂದ ಮೊದಲ ವಾರ ಬೀದಿಯ ಮೂಲೆಯ ಹಾಲಿನ ಅಂಗಡಿಗೆ ಹೋಗಿ ಇಂಗ್ಲಿಷಿನಲ್ಲಿ ಅರ್ಧ ಲೀಟರ್ ಕೇಳಿದೆ. ಅಂಗಡಿಯ ಅಕ್ಕ ಸಿಟ್ಟಾಗಲಿಲ್ಲ, ನಗಲೂ ಇಲ್ಲ. ನೀಲಿ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ‘ಅರೈ ಲಿಟರ್ ಪಾಲ್’ ಎಂದು ನಿಧಾನವಾಗಿ ಹೇಳಿ, ನಾನು ಅದನ್ನು ತಿರುಗಿ ಹೇಳುವ ತನಕ ಕಾದರು. ಅರೆ ಎಂದರೆ ಅರ್ಧ, ಪಾಲ್ ಎಂದರೆ ಹಾಲು. ಕನ್ನಡಿಗನಿಗೆ ಇದು ಕಷ್ಟವೇನಲ್ಲ. ಮರುದಿನ ‘ಕೊಡುಂಗ’ ಸೇರಿತು, ವಾರ ಕಳೆಯುವಷ್ಟರಲ್ಲಿ ‘ನಾಳೈಕ್ಕಿ ಕಾಸು ತರೇನ್’ ಎನ್ನುವಷ್ಟು ಬಂತು. ತರಕಾರಿ ಗಾಡಿಯವರು, ಗ್ಯಾಸ್ ತರುವ ಹುಡುಗ, ಕೆಲಸದಾಕೆ, ವಾರ್ಡಿನ ಕಚೇರಿಯ ಗುಮಾಸ್ತರು ಎಲ್ಲರೂ ಹಾಗೆಯೇ. ಈ ಊರಿನಲ್ಲಿ ತಮಿಳಿಲ್ಲದೆ ದಿನ ಸಾಗುವುದಿಲ್ಲ; ಸಾಗದೆ ಇರುವುದರಿಂದಲೇ ಕಲಿತೆ, ಕಲಿತ ಮೇಲೆ ಊರು ನನ್ನದಾಯಿತು.

ಇದನ್ನು ಬೆಂಗಳೂರಿನೊಡನೆ ಹೋಲಿಸುವಾಗ ನನಗೆ ಸಂಕಟವಾಗುತ್ತದೆ. ನಮ್ಮ ಹನುಮಂತನಗರದ ದಿನಸಿ ಅಂಗಡಿಯ ಶೆಟ್ಟರು ಬಂದವರ ಮುಖ ನೋಡಿ ತೆಲುಗು, ತಮಿಳು, ಹಿಂದಿ, ಉರ್ದು ಯಾವುದಕ್ಕೆ ಬೇಕಾದರೂ ಹೊರಳುತ್ತಿದ್ದರು. ಅದು ನಮ್ಮವರ ಸೌಜನ್ಯ, ನಮ್ಮ ಹೆಮ್ಮೆ ಕೂಡ. ಆದರೆ ಬಂದವರಿಗೆ ಕಲಿಯುವ ಅಗತ್ಯವನ್ನೇ ಉಳಿಸದ ಸೌಜನ್ಯದಿಂದ ಅವರಿಗೂ ನಷ್ಟವಾಗಿದೆ. ತಂಗಿಯ ಅಪಾರ್ಟ್‌ಮೆಂಟಿನಲ್ಲಿ ಹನ್ನೊಂದು ವರ್ಷದಿಂದ ಇರುವ ದಂಪತಿ ಇದ್ದಾರೆ, ಒಳ್ಳೆಯವರು, ಹಬ್ಬಕ್ಕೆ ಸಿಹಿ ಕೊಡುತ್ತಾರೆ, ಕಷ್ಟಕ್ಕೆ ಓಡಿ ಬರುತ್ತಾರೆ; ಕನ್ನಡದಲ್ಲಿ ಹತ್ತರವರೆಗೆ ಎಣಿಸಲು ಅವರಿಗೆ ಬರುವುದಿಲ್ಲ. ಹನ್ನೊಂದು ವರ್ಷ ಯಾರೂ ಅವರಿಂದ ಕನ್ನಡದ ಒಂದು ಮಾತನ್ನೂ ಬಯಸದೆ, ಹನ್ನೆರಡನೆಯ ವರ್ಷ ರಸ್ತೆಯ ಮೇಲಿನ ಜಗಳದಲ್ಲಿ ಒಮ್ಮೆಲೇ ‘ಕನ್ನಡ ಮಾತಾಡು’ ಎಂದು ಗದರಿದರೆ ಅವರು ಕಲಿಯುವುದಿಲ್ಲ, ಹೆದರುತ್ತಾರೆ. ಹಾಲಿನ ಪ್ಯಾಕೆಟ್ಟನ್ನು ಹಿಡಿದು ಕಾಯುವ ತಾಳ್ಮೆ ಬೆಂಗಳೂರಿನ ಪ್ರತಿ ಅಂಗಡಿಯಲ್ಲಿಯೂ ಇದ್ದಿದ್ದರೆ ಎಷ್ಟೋ ಜಗಳಗಳು ಹುಟ್ಟುತ್ತಲೇ ಇರಲಿಲ್ಲ. ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡುವ ಕಾನೂನನ್ನು ತಮಿಳುನಾಡು 2006ರಲ್ಲಿ ತಂದಿತು, ಕರ್ನಾಟಕದ ಕನ್ನಡ ಕಲಿಕೆ ಕಾನೂನು ಬಂದದ್ದು 2015ರಲ್ಲಿ. ಕಾನೂನು ಬೇಕು, ಆದರೆ ಅದಕ್ಕಿಂತ ಮೊದಲು ಕೆಲಸ ಮಾಡಿದ್ದು ಇಲ್ಲಿನ ಹಾಲಿನ ಅಂಗಡಿ.

ನನ್ನ ಮಗಳು ಶಾಲೆಯಲ್ಲಿ ತಮಿಳು ಕಲಿಯುತ್ತಾಳೆ, ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ನನ್ನಿಂದ ಕನ್ನಡ ಕಲಿಯುತ್ತಾಳೆ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರವಿರುವಾಗ ಕನ್ನಡಕ್ಕೇಕೆ ನಾಲ್ಕು ಎಂದು ಎರಡನೆಯ ತರಗತಿಯಲ್ಲಿ ತಕರಾರು ತೆಗೆದಿದ್ದಳು. ಕಳೆದ ವರ್ಷ ಒಂದು ದಿನ ತಾನಾಗಿಯೇ ಬಂದು, ಪಾಲ್ ಹಾಲಾಗಿದೆ, ಪೂ ಹೂವಾಗಿದೆ, ಪುಲಿ ಹುಲಿಯಾಗಿದೆ, ಪಲ್ಲು ಹಲ್ಲಾಗಿದೆ ಎಂದು ಪಟ್ಟಿ ಮಾಡಿ ತೋರಿಸಿದಳು. ಹಳಗನ್ನಡದಲ್ಲಿ ನಾವೂ ‘ಪಾಲ್’, ‘ಪೂ’, ‘ಪುಲಿ’ ಎಂದೇ ಹೇಳುತ್ತಿದ್ದೆವು ಎಂದಾಗ ಅವಳ ಕಣ್ಣು ಅರಳಿದ್ದನ್ನು ನಾನು ಮರೆಯುವುದಿಲ್ಲ. ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದುವ ಅವಳ ಅತ್ತೆಯ ಮಗನಿಗೆ ಕನ್ನಡ ಒಂದು ಪರೀಕ್ಷೆಯ ವಿಷಯ ಮಾತ್ರ. ಕನ್ನಡದ ಊರಿನಲ್ಲಿ ಕನ್ನಡ ಸೊರಗಿ, ತಮಿಳಿನ ಊರಿನಲ್ಲಿ ತಮಿಳಿನ ಬೆನ್ನು ಹಿಡಿದು ಅದು ಬೆಳೆಯುವುದನ್ನು ನೋಡಿದಾಗ ಸಂತೋಷದ ಜೊತೆಗೆ ನೋವೂ ಆಗುತ್ತದೆ.

ಹೀಗೆಂದು ಚೆನ್ನೈ ಎಲ್ಲರನ್ನೂ ಬಾಚಿ ತಬ್ಬುವ ಊರು ಎಂದು ನಾನು ಹೇಳಲಾರೆ. ಬಂದ ವರ್ಷ ಮನೆ ಹುಡುಕುವಾಗ ಒಬ್ಬರಾದ ಮೇಲೊಬ್ಬರು ಓನರುಗಳು ಬಾಡಿಗೆಯ ಮಾತಿಗೂ ಮೊದಲು ‘ನೀಂಗ ಎನ್ನ ಆಳುಂಗ?’ ಎಂದು ಕೇಳಿದರು. ಯಾವ ಜನ ಎಂದರೆ ಯಾವ ಜಾತಿ ಎಂದೇ ಅರ್ಥ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡುಗಳನ್ನು ಗೇಟಿನ ಮೇಲೆಯೇ ತೂಗುಹಾಕಿದ ಬೀದಿಗಳಿವೆ. ಒಂಟಿಯಾಗಿರುವ ಹೆಣ್ಣುಮಕ್ಕಳಿಗೆ, ಮದುವೆಯಾಗದ ಹುಡುಗರಿಗೆ, ಮುಸ್ಲಿಮರಿಗೆ ಮನೆ ಸಿಗುವುದು ಇನ್ನೂ ಕಷ್ಟ. ಬೆಂಗಳೂರಿನಲ್ಲಿಯೂ ಇದೆಲ್ಲ ಇದೆ, ಹತ್ತು ತಿಂಗಳ ಅಡ್ವಾನ್ಸ್ ಎಂಬ ಹೊರೆಯೂ ಇದೆ. ಆದರೂ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಒಂದು ಸೂಟ್‌ಕೇಸ್ ಹಿಡಿದು ಬಂದು, ಯಾರ ಕಣ್ಣಿಗೂ ಉತ್ತರ ಕೊಡದೆ ಕೆಲಸ ಹುಡುಕಿ ಬದುಕು ಕಟ್ಟಿಕೊಳ್ಳುವುದು ಚೆನ್ನೈಗಿಂತ ಬೆಂಗಳೂರಿನಲ್ಲಿ ಸುಲಭವೆಂದು ನನ್ನ ಕಚೇರಿಯ ಕಿರಿಯರೇ ಹೇಳುತ್ತಾರೆ. ನನ್ನ ಮಗಳು ಆ ವಯಸ್ಸಿಗೆ ಬಂದಾಗ ಬೆಂಗಳೂರಿಗೆ ಹೊರಟರೆ ನಾನು ತಡೆಯುವುದಿಲ್ಲ.

2016ರ ಸೆಪ್ಟೆಂಬರ್ 12ರಂದು ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಹತ್ತಾರು ಬಸ್ಸುಗಳನ್ನು ಸುಟ್ಟರು. ಚೆನ್ನೈನಲ್ಲಿಯೂ ಕರ್ನಾಟಕದವರ ಹೋಟೆಲೊಂದರ ಮೇಲೆ ದಾಳಿಯಾಯಿತು. ಸಂಜೆ ನಾನು ಮನೆಗೆ ಬಂದಾಗ ಊರಿನಿಂದ ತಂದಿದ್ದ ನನ್ನ ಕೆಎ ನಂಬರಿನ ಸ್ಕೂಟರು ಬೀದಿಯಲ್ಲಿರಲಿಲ್ಲ. ಮನೆಯ ಯಜಮಾನರು ಅದನ್ನು ಗೇಟಿನೊಳಗೆ ತಳ್ಳಿ, ಹಳೆಯ ಹೊದಿಕೆ ಮುಚ್ಚಿ, ಮುಂದೆ ತಮ್ಮ ಸೈಕಲನ್ನು ಅಡ್ಡ ಇಟ್ಟಿದ್ದರು. ಆ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ. ನಾಲ್ಕನೆಯ ದಿನ ಹೊದಿಕೆ ತೆಗೆದು ಮಡಿಚಿಟ್ಟರು.

ವಯಸ್ಸಾದವರ ಕಣ್ಣಿನಿಂದ ನೋಡಿದರೆ ತೂಕ ಮತ್ತೆ ಬದಲಾಗುತ್ತದೆ. ನಮ್ಮ ತಾಯಿಗೆ ಎಪ್ಪತ್ತನಾಲ್ಕು. ಹನುಮಂತನಗರದ ಮನೆಯಲ್ಲಿಯೇ ಇರುವ ಅವರು ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದು ಯುಗಾದಿಗೆ ಮೊದಲು ಹೊರಡುತ್ತಾರೆ. ಬಿಸಿಲು ಏರುವ ಮುನ್ನ. ಮಾರ್ಗಳಿ ತಿಂಗಳ, ಅಂದರೆ ನಮ್ಮ ಧನುರ್ಮಾಸದ, ಸಂಗೀತ ಕಛೇರಿಗಳ ಕಾಲವದು. ಮಧ್ಯಾಹ್ನ ಹೊಸಬರು ಹಾಡುವ ಉಚಿತ ಕಛೇರಿಗಳು ಅವರಿಗೆ ಬಹಳ ಇಷ್ಟ. ಮೈಲಾಪುರಕ್ಕೆ ಸಾಧಾರಣ ದರದ ಸರಕಾರಿ ಬಸ್ಸಿನಲ್ಲಿ ಹೋಗುತ್ತಾರೆ. 2021ರಿಂದ ಹೆಂಗಸರಿಗೆ ಆ ಬಸ್ಸುಗಳಲ್ಲಿ ಟಿಕೆಟ್ಟಿಲ್ಲ. ಯಾವ ಊರಿನವರು ಎಂದು ಅವರನ್ನು ಯಾವ ಕಂಡಕ್ಟರೂ ಕೇಳಿಲ್ಲ. ನಮ್ಮ ಶಕ್ತಿ ಯೋಜನೆ 2023ರಲ್ಲಿ ಬಂದಾಗ ತಾಯಿ ಎಷ್ಟು ಸಂತೋಷಪಟ್ಟರೋ, ಅದು ಕರ್ನಾಟಕದ ಗುರುತಿನ ಚೀಟಿ ಇದ್ದವರಿಗೆ ಮಾತ್ರ ಎಂದು ತಿಳಿದಾಗ ತಮ್ಮ ತಮಿಳು ಸೊಸೆಯಂತಾಗಿಬಿಟ್ಟ ನನ್ನ ಹೆಂಡತಿಗೆ ಅದು ಸಿಗುವುದಿಲ್ಲವೆಂದು ಅಷ್ಟೇ ಬೇಸರಪಟ್ಟರು. ಆದರೆ ಬೆಳಗಿನ ವಾಕಿಂಗಿಗೆ ಲಾಲ್‌ಬಾಗು ಬೇಕು ಅವರಿಗೆ. 240 ಎಕರೆ ಹಸಿರು, ಬಂಡೆಯ ಮೇಲಿನ ಗೋಪುರ, ನೂರಾರು ವರ್ಷದ ಮರಗಳು. ಇಂಥದೊಂದು ಜಾಗ ಚೆನ್ನೈನ ಜನರ ಕೈಗೆಟುಕುವಲ್ಲಿ ಇಲ್ಲ. ಕಡಲತೀರ ಇದೆ, ಆದರೆ ಮರಳಿನಲ್ಲಿ ನಡೆಯಲು ಅವರ ಮಂಡಿಗೆ ಆಗುವುದಿಲ್ಲ.

ಆಡಳಿತದ ವಿಷಯದಲ್ಲಿ ಯಾರೂ ಯಾರಿಗೂ ಪಾಠ ಹೇಳುವಂತಿಲ್ಲ. 1688ರಲ್ಲಿ ಹುಟ್ಟಿದ, ದೇಶದ ಅತ್ಯಂತ ಹಳೆಯ ನಗರಪಾಲಿಕೆ ಎಂಬ ಹೆಮ್ಮೆಯ ಚೆನ್ನೈ ಪಾಲಿಕೆಗೆ 2016ರಿಂದ 2022ರವರೆಗೆ ಚುನಾಯಿತ ಸದಸ್ಯರೇ ಇರಲಿಲ್ಲ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯದೆ, 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದರು. ಚರಂಡಿ ಕಟ್ಟಿಕೊಂಡಾಗ ಬಾಗಿಲು ತಟ್ಟಲು ಒಬ್ಬ ಕಾರ್ಪೊರೇಟರ್ ಇರಬೇಕು. ಇಷ್ಟು ಸಣ್ಣ ಹಕ್ಕನ್ನು ಎರಡೂ ಸರಕಾರಗಳು ವರ್ಷಗಟ್ಟಲೆ ಕಿತ್ತುಕೊಂಡವು.

2021ರಲ್ಲಿ ನಾವು ಕ್ರೋಮ್‌ಪೇಟೆಯಲ್ಲಿಯೇ ಮೊದಲ ಮಹಡಿಯ ಮನೆಯೊಂದನ್ನು ಕೊಂಡೆವು. ಕೊಳ್ಳುವ ಮೊದಲು ನಾನು ಕೇಳಿದ ಮೊದಲ ಪ್ರಶ್ನೆ 2015ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು. ಮಾರುವವರು ಕೆಳಗಿನ ಪಾರ್ಕಿಂಗಿಗೆ ಕರೆದೊಯ್ದು, ಕಂಬದ ಮೇಲೆ ಪೆನ್ಸಿಲಿನಿಂದ ಎಳೆದು ತಾರೀಖು ಬರೆದಿದ್ದ ಗೆರೆಯನ್ನು ತೋರಿಸಿದರು. ಅದು ನನ್ನ ಎದೆಯ ಮಟ್ಟಕ್ಕಿತ್ತು. ಮುಚ್ಚಿಡದೆ ತೋರಿಸಿದ್ದಕ್ಕೇ ಆ ಮನೆ ಕೊಂಡೆ. ಹನುಮಂತನಗರದ ಮನೆಯನ್ನು ಮಾರುವ ಯೋಚನೆ ನನಗೂ ತಂಗಿಗೂ ಇಲ್ಲ. ಕಳೆದ ತಿಂಗಳು ಸೋದರಮಾವನ ಮೊಮ್ಮಗನ ನಾಮಕರಣದಲ್ಲಿ ಮಾವನಿಂದಲೇ ಮತ್ತೆ ಅದೇ ಪ್ರಶ್ನೆ ಬಂದಾಗ, ಅವರ ಪಕ್ಕದ ಎಲೆ ಇನ್ನೂ ಖಾಲಿಯಿತ್ತು. ಕಚೇರಿಯಿಂದ ನೇರವಾಗಿ ಬರುತ್ತೇನೆಂದಿದ್ದ ತಂಗಿ ಸಿಲ್ಕ್ ಬೋರ್ಡಿನಲ್ಲಿದ್ದಳು. ‘ಮಾವ, ಇವಳು ಎಂಟು ಗಂಟೆಗೆ ಬರ್ತೀನಿ ಅಂತ ಹೇಳಿ ಎಂಟು ಗಂಟೆಗೆ ಬರೋ ಹಾಗಾದ ವರ್ಷ ನಾನೂ ವಾಪಸ್ಸು ಬರ್ತೀನಿ’ ಎಂದೆ. ಅವರು ಏನೂ ಹೇಳದೆ, ಬಡಿಸುವವರನ್ನು ಕರೆದು, ಅವಳ ಪಾಲಿನ ಹೋಳಿಗೆಯನ್ನು ಎತ್ತಿಡಲು ಹೇಳಿದರು.